ಕೆತ್ತಿದ ಕುಂಬಳಕಾಯಿ ಯಾವ ಮತದ್ದು?

ಅಕ್ಟೋಬರ್ ಕೊನೆಯ ವಾರ ಬಂತೆಂದರೆ ಅಮೆರಿಕ, ಕೆನಡಾ, ಐರ್ಲೆಂಡ್, ಬ್ರಿಟನ್ನುಗಳ ಅಸಂಖ್ಯ ಮನೆಗಳಲ್ಲಿ ಒಂದೇ ಕೆಲಸ ನಡೆಯುತ್ತದೆ. ಮೇಜಿನ ಮೇಲೆ ಹಳೆಯ ಪೇಪರು ಹಾಸಿ, ಕಿತ್ತಳೆ ಬಣ್ಣದ ದೊಡ್ಡ ಸಿಹಿಗುಂಬಳವೊಂದನ್ನು ಇಟ್ಟು, ಅಪ್ಪನೋ ಅಮ್ಮನೋ ತೊಟ್ಟಿನ ಸುತ್ತ ಮುಚ್ಚಳದಂತೆ ಕೊಯ್ದು ತೆಗೆಯುತ್ತಾರೆ. ಮಕ್ಕಳು ಒಳಗೆ ಕೈಹಾಕಿ ನಾರು, ಬೀಜಗಳನ್ನು ಬಗೆದು ಹೊರಹಾಕುತ್ತಾರೆ. ಆಮೇಲೆ ಮೂರು ಮೂಲೆಯ ಕಣ್ಣು, ಮೂಗು, ಹಲ್ಲು ಕಿರಿದ ಬಾಯಿ ಕೊರೆದು, 31ರ ಸಂಜೆ ಒಳಗೊಂದು ಮೇಣದಬತ್ತಿ ಹಚ್ಚಿ ಬಾಗಿಲಾಚೆ ಇಡುತ್ತಾರೆ. ಹಾಲೊವೀನ್ ಹಬ್ಬದ ಗುರುತು ಅದು. ಮಂತ್ರವಿಲ್ಲ, ಪುರೋಹಿತನಿಲ್ಲ, ಯಾವ ದೇವರ ಹೆಸರೂ ಇಲ್ಲ. ಆದರೂ ವರ್ಷ ವರ್ಷವೂ ಅದರ ಸುತ್ತ ಧರ್ಮದ ತಕರಾರು ತಪ್ಪಿದ್ದಲ್ಲ. ಇದು ಕ್ರಿಸ್ತಪೂರ್ವದ ಭೂತಾರಾಧನೆ, ಮಕ್ಕಳ ಕೈಯಲ್ಲಿ ಮಾಡಿಸಬಾರದು ಎನ್ನುವ ಕ್ರೈಸ್ತ ತಂದೆತಾಯಿಗಳಿದ್ದಾರೆ. ಅನ್ಯಮತದ ಹಬ್ಬವೆಂದು ದೂರ ಉಳಿಯುವ ಮುಸ್ಲಿಂ, ಯಹೂದಿ ಕುಟುಂಬಗಳಿವೆ. ನಮ್ಮ ಹಬ್ಬಗಳಿಗೇ ಪುರಸೊತ್ತಿಲ್ಲ, ಇದೊಂದು ಬೇರೆ ಕೇಡು ಎಂದು ಗೊಣಗುವ ಹಿಂದೂ ಹಿರಿಯರೂ ಇದ್ದಾರೆ. ಇವರಿಗೆಲ್ಲ ಎದುರಿನವರು ಕೊಡುವ ಉತ್ತರ ಒಂದೇ: ಇದು ಬರೀ ಮೋಜು, ತಲೆ ಕೆಡಿಸಿಕೊಳ್ಳಬೇಡಿ. ಆಕ್ಷೇಪವೂ ಉತ್ತರವೂ ಎರಡೂ ಗುರಿ ತಪ್ಪಿವೆ ಎಂಬುದು ನನ್ನ ವಾದ. ಒಂದು ಆಚರಣೆ ಸಲ್ಲುವುದೋ ಸಲ್ಲದೋ ಎಂದು ಅದರ ಹುಟ್ಟು ಹೇಳಲಾರದು, ಮಾಡುವವರ ನಂಬಿಕೆಯೂ ಹೇಳಲಾರದು. ಅಲ್ಲಿ ಏನು ಮಾಡಲಾಗುತ್ತಿದೆ ಎಂಬುದನ್ನೇ ನೋಡಿ ತೀರ್ಮಾನಿಸಬೇಕು.

ಹುಟ್ಟಿನ ಕತೆಯಿಂದ ಶುರುಮಾಡೋಣ, ಆಕ್ಷೇಪದ ಭಾರವೆಲ್ಲ ಅದರ ಮೇಲೆಯೇ ನಿಂತಿದೆ. ಎರಡು ಸಾವಿರ ವರ್ಷಗಳ ಹಿಂದೆ ಕೆಲ್ಟ್ ಜನರ ಡ್ರೂಯಿಡ್ ಪುರೋಹಿತರು ಸತ್ತವರ ಹಬ್ಬ ಮಾಡುತ್ತಿದ್ದರು, ಅದನ್ನೇ ಚರ್ಚು ಸಂತರ ಹಬ್ಬವಾಗಿ ಬದಲಿಸಿತು, ಕುಂಬಳಕಾಯಿ ಆ ಹಳೆಯ ಪೂಜೆಯ ಪಳೆಯುಳಿಕೆ ಎಂಬುದು ಎಲ್ಲರ ಬಾಯಲ್ಲಿರುವ ಕತೆ. ದಾಖಲೆಗಳು ಇಷ್ಟು ನೆಟ್ಟಗಿಲ್ಲ. ಚಳಿಗಾಲದ ಮೊದಲ ದಿನವಾಗಿ ಸೌವಿನ್ ಎಂಬ ಹಬ್ಬ ಐರ್ಲೆಂಡಿನ ಮಧ್ಯಯುಗದ ಸಾಹಿತ್ಯದಲ್ಲಿ ಇರುವುದು ನಿಜ. ಆ ರಾತ್ರಿ ಬೇರೆ ಲೋಕದ ಬಾಗಿಲು ತೆರೆಯುತ್ತದೆ ಎಂಬ ಕತೆಗಳೂ ಇವೆ. ಆದರೆ ಅವನ್ನು ಬರೆದವರು ಕ್ರೈಸ್ತ ಸನ್ಯಾಸಿಗಳು. ಅದಕ್ಕೂ ಹಿಂದೆ ಯಾವ ಪೂಜೆ ಹೇಗೆ ನಡೆಯುತ್ತಿತ್ತು ಎಂಬುದಕ್ಕೆ ಬರಹದ ಸಾಕ್ಷ್ಯ ಇಲ್ಲವೆನ್ನುವಷ್ಟು ಕಡಿಮೆ. ಅದು ಕೆಲ್ಟರ ಹೊಸವರ್ಷ, ಸತ್ತವರ ಹಬ್ಬ ಎಂಬ ಸಿದ್ಧಾಂತವನ್ನು ಕಟ್ಟಿ ಹರಡಿದವರು 19ನೇ ಶತಮಾನದ ಕೊನೆಯ ವಿದ್ವಾಂಸರಾದ ಜಾನ್ ರೀಸ್ ಮತ್ತು ಜೇಮ್ಸ್ ಫ್ರೇಜರ್. ಬ್ರಿಟನ್ನಿನ ಇತಿಹಾಸಕಾರ ರೊನಾಲ್ಡ್ ಹಟನ್ 1996ರ ತಮ್ಮ ಗ್ರಂಥದಲ್ಲಿ ಆ ಸಿದ್ಧಾಂತದ ಬುಡವನ್ನೇ ಅಲ್ಲಾಡಿಸಿದರು. ಐರ್ಲೆಂಡಿನ ಹಳೆಯ ಚರ್ಚು ಸಕಲ ಸಂತರ ದಿನವನ್ನು ಏಪ್ರಿಲ್ 20ಕ್ಕೆ ಆಚರಿಸುತ್ತಿತ್ತು, ನವೆಂಬರ್ 1 ಎಂಬ ತಾರೀಖು ಜರ್ಮನಿಕ್ ಜನರ ನಾಡುಗಳ ಕಡೆಯಿಂದ ಬಂತು ಎಂದು ತೋರಿಸಿದರು. 835ರಲ್ಲಿ ಫ್ರಾಂಕರ ಸಾಮ್ರಾಜ್ಯದಲ್ಲಿ ಅದೇ ತಾರೀಖು ಗಟ್ಟಿಯಾಯಿತು. ಹಾಗಾದರೆ ಕೆಲ್ಟರ ಹಬ್ಬವನ್ನು ನುಂಗಲೆಂದೇ ಚರ್ಚು ಆ ದಿನವನ್ನು ಆರಿಸಿತು ಎಂಬ ಮಾತಿಗೆ ಆಧಾರ ಉಳಿಯುವುದಿಲ್ಲ.

ಇನ್ನು ಕುಂಬಳಕಾಯಿಯದ್ದಂತೂ ಇನ್ನೂ ಸೋಜಿಗ. ಡ್ರೂಯಿಡರು ಅದನ್ನು ಕಣ್ಣಾರೆ ಕಂಡಿರಲಾರರು. ಅದು ಅಮೆರಿಕ ಖಂಡದ ಬೆಳೆ. ಮೆಕ್ಸಿಕೋದ ಓಹಾಕ ಪ್ರದೇಶದ ಗುಹೆಯೊಂದರಲ್ಲಿ ಸಿಕ್ಕಿರುವ ಅದರ ಕುಲದ ಬೀಜಗಳು ಸುಮಾರು 10,000 ವರ್ಷ ಹಳೆಯವು, ಯುರೋಪಿಗೆ ಅದು ಕೊಲಂಬಸನ ನಂತರ ಬಂದದ್ದು. ಐರ್ಲೆಂಡ್, ಸ್ಕಾಟ್ಲೆಂಡುಗಳಲ್ಲಿ ಮೊದಲು ಕೆತ್ತುತ್ತಿದ್ದದ್ದು ಟರ್ನಿಪ್ ಗೆಡ್ಡೆ. ಡೊನೆಗಾಲ್ ಜಿಲ್ಲೆಯ ಅಂಥದ್ದೊಂದು ಗೆಡ್ಡೆಯ ಪ್ಲಾಸ್ಟರ್ ಅಚ್ಚನ್ನು ಐರ್ಲೆಂಡಿನ ವಸ್ತುಸಂಗ್ರಹಾಲಯ ಕಾಪಾಡಿಕೊಂಡಿದೆ. ಚಿತ್ರದಲ್ಲಿ ನೋಡಿದರೂ ಸಾಕು, ಇಂದಿನ ಕುಂಬಳಕಾಯಿಗಳ ಹಲ್ಲುಕಿಸಿತವೆಲ್ಲ ಅದರ ಮುಂದೆ ಸಪ್ಪೆ. ಆದರೆ ಈ ಗೆಡ್ಡೆಯ ದೀಪಗಳ ಬಗ್ಗೆ ನಮಗೆ ಸಿಗುವ ವಿವರಗಳೂ ಬಹುಮಟ್ಟಿಗೆ 19ನೇ ಶತಮಾನದವು. ಅವುಗಳಲ್ಲಿ ಎದ್ದು ಕಾಣುವುದು ಪೂಜೆಗಿಂತ ಹುಡುಗರ ಹುಡುಗಾಟ. ಜ್ಯಾಕ್ ಒ ಲ್ಯಾಂಟರ್ನ್ ಎಂಬ ಹೆಸರು 17ನೇ ಶತಮಾನದ ಇಂಗ್ಲೆಂಡಿನಲ್ಲಿ ಮೊದಲು ರಾತ್ರಿ ಕಾವಲುಗಾರನಿಗೂ ಜವುಗು ನೆಲದ ಕೊಳ್ಳಿದೆವ್ವಕ್ಕೂ ಇತ್ತು. 1845ರಿಂದ 1852ರವರೆಗಿನ ಆಲೂಗೆಡ್ಡೆ ಕ್ಷಾಮ ಲಕ್ಷಾಂತರ ಐರಿಷರನ್ನು ಅಟ್ಲಾಂಟಿಕ್ ದಾಟಿಸಿತು, ಅವರ ಜತೆ ಹಾಲೊವೀನ್ ಕೂಡ ಅಮೆರಿಕದಲ್ಲಿ ಬೇರುಬಿಟ್ಟಿತು. ಅಷ್ಟರಲ್ಲಾಗಲೇ ಅಲ್ಲಿ ಕುಂಬಳಕಾಯಿಗೆ ಮುಖ ಕೊರೆಯುವುದು ಸುಗ್ಗಿಕಾಲದ ಹುಡುಗರ ಆಟವಾಗಿ ಇತ್ತು: ವಿಟಿಯರ್ ಕವಿ ಅದನ್ನು ನೆನೆಯುವುದು ಥ್ಯಾಂಕ್ಸ್‌ಗಿವಿಂಗ್ ಊಟದ ಕುರಿತ ಕವಿತೆಯಲ್ಲಿ. ಹಾಲೊವೀನ್ ಜತೆ ಅದು ಬಿಡದಂತೆ ಸೇರಿಕೊಂಡದ್ದು ಆ ಶತಮಾನದ ಕೊನೆಗೆ. ಮನೆಮನೆಗೆ ಮಿಠಾಯಿ ಕೇಳಲು ಹೋಗುವ ಪದ್ಧತಿ ಹರಡಿದ್ದು 1930ರ ದಶಕದ ಆಚೀಚೆ. ಅಂದಮೇಲೆ ಪುರಾತನ ಪಾಪದ ಮೂಟೆಯನ್ನು ಈ ಕಾಯಿಯ ತಲೆಗೆ ಕಟ್ಟುವವರು ಮೊದಲು ಆ ಮೂಟೆ ಎಲ್ಲಿದೆ ಎಂದು ತೋರಿಸಬೇಕಾಗುತ್ತದೆ.

ಸರಿ, ಇತಿಹಾಸಕಾರರು ನಾಳೆ ಹೊಸ ಸಾಕ್ಷ್ಯ ಹುಡುಕಿ, ಡ್ರೂಯಿಡರು ನಿಜವಾಗಿಯೂ ಗೆಡ್ಡೆಗೆ ಮುಖ ಕೊರೆದು ಪೂಜಿಸುತ್ತಿದ್ದರು ಎಂದೇ ಸಾಬೀತುಮಾಡಿದರು ಎನ್ನೋಣ. ಆಗ ಏನು ಬದಲಾಗುತ್ತದೆ? ಹುಟ್ಟೇ ತೀರ್ಪು ಎಂದಾದರೆ ಮೊದಲು ತಪ್ಪಿತಸ್ಥನಾಗುವುದು ಚರ್ಚೇ. ರೋಮಿನ ಪ್ಯಾಂಥಿಯನ್ ಸಕಲ ದೇವತೆಗಳ ಗುಡಿಯಾಗಿತ್ತು, ನಾಲ್ಕನೇ ಬೋನಿಫೇಸ್ ಪೋಪ್ 7ನೇ ಶತಮಾನದ ಮೊದಲಲ್ಲಿ ಅದನ್ನು ಮೇರಿಗೂ ಹುತಾತ್ಮರಿಗೂ ಅರ್ಪಿಸಿದ. 601ರಲ್ಲಿ ಪೋಪ್ ಗ್ರೆಗರಿ ಇಂಗ್ಲೆಂಡಿಗೆ ಹೊರಟಿದ್ದ ಮೆಲಿಟಸನಿಗೆ ಬರೆದ ಪತ್ರವನ್ನು ಸನ್ಯಾಸಿ ಇತಿಹಾಸಕಾರ ಬೀಡ್ ತನ್ನ ಚರಿತ್ರೆಯಲ್ಲಿ ಉಳಿಸಿದ್ದಾನೆ: ಅಲ್ಲಿನವರ ಗುಡಿಗಳನ್ನು ಕೆಡವಬೇಡ, ವಿಗ್ರಹ ತೆಗೆದು ತೀರ್ಥ ಪ್ರೋಕ್ಷಿಸಿ ಚರ್ಚು ಮಾಡು, ಅವರು ಎತ್ತು ಕಡಿಯುವ ಹಬ್ಬವಿದ್ದರೆ ಅದೇ ಎತ್ತಿನ ಊಟ ದೇವರ ಹೆಸರಿನಲ್ಲಿ ನಡೆಯಲಿ ಎಂಬುದು ಅದರ ತಾತ್ಪರ್ಯ. ಒಂದು ವಸ್ತು ಎಲ್ಲಿಂದ ಬಂತು ಎಂಬುದಕ್ಕಿಂತ ಈಗ ಅದರಿಂದ ಏನು ಮಾಡುತ್ತೀರಿ ಎಂಬುದು ಮುಖ್ಯ ಎಂದು ಒಪ್ಪದೆ ಆ ಪತ್ರ ಬರೆಯಲು ಬಾರದು. ಇದೇ ಅಕ್ಟೋಬರ್ 31ಕ್ಕೆ, 1517ರಲ್ಲಿ, ಲೂಥರ್ ಪಾಪವಿಮೋಚನ ಪತ್ರಗಳ ವಿರುದ್ಧ ತನ್ನ ವಾದಗಳನ್ನು ಮುಂದಿಟ್ಟ. ಮುಂದೆ ಅವನ ಹಾದಿಯ ಕಟ್ಟುನಿಟ್ಟಿನವರು ಸಂತರ ದಿನ, ಸತ್ತವರ ದಿನಗಳನ್ನು ಪೋಪನ ಮೂಢಾಚಾರವೆಂದು ತಳ್ಳಿಹಾಕಿದರು. ಅಂದು ಅತಿಯಾಗಿ ಕ್ಯಾಥೊಲಿಕ್ ಎಂದು ಬೇಡವಾದದ್ದೇ ಇಂದು ಕ್ರೈಸ್ತವೇ ಅಲ್ಲವೆಂದು ಬೇಡವಾಗಿದೆ. ಹುಟ್ಟಿನ ವಾದ ಎಷ್ಟು ಬೇಕಾದರೂ ಬಾಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಹಾಗಾದರೆ ನಂಬಿಕೆಯನ್ನು ಅಳತೆಗೋಲು ಮಾಡಬಹುದೇ? ಯಾರೂ ದೆವ್ವವನ್ನು ನಂಬಿ ಕೆತ್ತುತ್ತಿಲ್ಲ, ಆದ್ದರಿಂದ ಇದರಲ್ಲಿ ಧರ್ಮವೇನೂ ಇಲ್ಲ ಎನ್ನುವುದು ಮೋಜಿನ ಪಕ್ಷದವರ ವಾದ. ಈ ವಾದ ನಮ್ಮ ಕುಂಬಳಕಾಯಿಯ ಮುಂದೆ ನಿಲ್ಲುವುದಿಲ್ಲ. ಕನ್ನಡ ಸಿನಿಮಾದ ಚಿತ್ರೀಕರಣ ಮುಗಿದ ದಿನ ಬೂದುಗುಂಬಳ ಒಡೆಯುತ್ತಾರೆ. ಚಿತ್ರಕ್ಕೆ ಕುಂಬಳಕಾಯಿ ಒಡೆದರು ಎಂದರೆ ಶೂಟಿಂಗ್ ಮುಗಿಯಿತು ಎಂದೇ ಪತ್ರಿಕೆ ಓದುವವರಿಗೆ ಅರ್ಥ. ಅಲ್ಲಿ ನಿಂತ ಛಾಯಾಗ್ರಾಹಕ, ಲೈಟ್‌ಬಾಯ್, ನಾಯಕಿ ಯಾವ ಮತದವರು, ದೃಷ್ಟಿ ತಾಗುತ್ತದೆಂದು ಅವರಲ್ಲಿ ಎಷ್ಟು ಜನ ನಂಬಿದ್ದಾರೆ ಎಂದು ಯಾರೂ ಎಣಿಸುವುದಿಲ್ಲ. ಆದರೂ ಒಡೆಯದೆ ಹೊರಡಿ ಎಂದರೆ ಎಲ್ಲರಿಗೂ ಏನೋ ಕೊರೆ. ನಂಬಿಕೆ ಮೊದಲು, ಆಚರಣೆ ಅದರ ಹಿಂದೆ ಎಂಬ ಲೆಕ್ಕವೇ ತಲೆಕೆಳಗು ಎಂದು ಸ್ಕಾಟ್ಲೆಂಡಿನ ವಿದ್ವಾಂಸ ರಾಬರ್ಟ್‌ಸನ್ ಸ್ಮಿತ್ 1889ರಲ್ಲೇ ಹೇಳಿದ್ದ: ಪ್ರಾಚೀನ ಧರ್ಮಗಳಲ್ಲಿ ಕ್ರಿಯೆ ಗಟ್ಟಿ, ಅದಕ್ಕೆ ಹೇಳುವ ಕತೆ ಬದಲಾಗುತ್ತಿರುತ್ತದೆ. ನಮ್ಮ ಮೀಮಾಂಸಕರು ಇನ್ನೂ ದೂರ ಹೋದರು. ಯಜ್ಞದಲ್ಲಿ ಪ್ರಧಾನವಾದದ್ದು ಕರ್ಮ. ಹವಿಸ್ಸನ್ನು ಬಂದು ಉಣ್ಣುವ ಮೈಯುಳ್ಳ ದೇವತೆ ಅದಕ್ಕೆ ಬೇಕಿಲ್ಲ ಎಂಬುದು ಅವರಲ್ಲಿ ಭಾಷ್ಯಕಾರನಾದ ಶಬರನ ನಿಲುವು. ಕೇರಳದ ಪಾಂಞಾಳ್‌ನಲ್ಲಿ 1975ರಲ್ಲಿ ನಡೆದ ಅಗ್ನಿಚಯನವನ್ನು ದಾಖಲಿಸಿದ ಫ್ರಿಟ್ಸ್ ಸ್ಟಾಲ್ ಮುಂದೆ ಕರ್ಮಾಚರಣೆಗೆ ನಿಯಮವಿದೆ, ಅರ್ಥವಿಲ್ಲ ಎಂದೇ ವಾದಿಸಿದರು. ಅಷ್ಟು ದೂರ ನಾನು ಹೋಗಲಾರೆ. ಆದರೆ ನಂಬಿಕೆ ಇಲ್ಲದಿದ್ದರೆ ಆಚರಣೆ ಪೊಳ್ಳು ಎನ್ನುವವರು ಇವರಿಗೆಲ್ಲ ಉತ್ತರ ಕೊಡಬೇಕಾದೀತು.

ಇಲ್ಲಿ ನನ್ನ ವಾದಕ್ಕೆ ಬರಬಹುದಾದ ಅತ್ಯಂತ ತೀಕ್ಷ್ಣವಾದ ಆಕ್ಷೇಪ ತತ್ವಜ್ಞಾನಿ ವಿಟ್ಗೆನ್‌ಸ್ಟೈನನದು. ಫ್ರೇಜರನ ಗ್ರಂಥವನ್ನು ಓದುತ್ತ 1931ರಿಂದ ಅವನು ಬರೆದಿಟ್ಟ ಟಿಪ್ಪಣಿಗಳಲ್ಲಿ ಸ್ಕಾಟ್ಲೆಂಡಿನ ಬೆಲ್ಟೇನ್ ಹಬ್ಬದ ಚರ್ಚೆ ಬರುತ್ತದೆ. ಬೆಂಕಿ ಹಾಕಿ, ರೊಟ್ಟಿಯ ಚೂರು ಹಂಚಿ, ಕರಿಚೂರು ಸಿಕ್ಕವನನ್ನು ಬೆಂಕಿಗೆ ನೂಕುವ ನಟನೆ ಮಾಡುವ ಆಟ ಅದು. ಹಿಂದೊಮ್ಮೆ ನರಬಲಿ ಇದ್ದಿತ್ತು ಎಂಬ ಊಹೆಯಿಂದ ಆ ಆಟ ನಮ್ಮನ್ನು ನಡುಗಿಸುತ್ತದೆಯೋ, ಆಟದಲ್ಲೇ ನಡುಗಿಸುವಂಥದ್ದು ಏನಾದರೂ ಇದೆಯೋ ಎಂಬುದು ಅವನ ಪ್ರಶ್ನೆ. ಎರಡನೆಯದೇ ಸರಿ ಎಂಬ ಕಡೆಗೆ ಅವನ ಒಲವು. ಇದನ್ನು ಕುಂಬಳಕಾಯಿಗೆ ಹಚ್ಚಿ ನೋಡಿದರೆ ಬರೀ ಮೋಜು ಎಂಬ ಸಮಾಧಾನ ಉಳಿಯುವುದಿಲ್ಲ. ಕಡಿದ ರುಂಡದಂಥದ್ದು, ಒಳಗೆಲ್ಲ ಟೊಳ್ಳು, ಕಣ್ಣಿನ ತೂತಿನಲ್ಲಿ ಬೆಂಕಿ, ವರ್ಷದ ಕತ್ತಲು ದಪ್ಪವಾಗುವ ಕಾಲ. ಡ್ರೂಯಿಡರ ಸುದ್ದಿಯೇ ಗೊತ್ತಿಲ್ಲದ ಮಗುವಿಗೂ ಅದು ಸಾವಿನ ಹತ್ತಿರದ ವಸ್ತು ಎಂದು ಹೊಳೆಯುತ್ತದೆ. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ, ಮತ್ತು ಅದರಿಂದಲೇ ನನ್ನ ವಾದ ಮುಂದುವರಿಯುತ್ತದೆ: ಅರ್ಥ ಇರುವುದು ಕ್ರಿಯೆಯಲ್ಲಾದರೆ ಕ್ರಿಯೆಯನ್ನು ಇಡಿಯಾಗಿ ನೋಡಬೇಕು, ಹಲ್ಲಿನ ಸಾಲಿಗೆ ಹೆದರಿ ಅಲ್ಲಿಗೇ ನಿಲ್ಲಬಾರದು.

ಇಡಿಯಾಗಿ ನೋಡಿದರೆ ಕಾಣುವುದೇನು? ಮನೆಮಂದಿ ಕೂತು ಒಂದು ಭಯವನ್ನು ತಾವೇ ಕೈಯಾರೆ ತಯಾರಿಸುತ್ತಾರೆ. ಯಾವ ಮುಖ ಎಂದು ಮಕ್ಕಳು ಜಗಳವಾಡಿ ನಿರ್ಧರಿಸುತ್ತಾರೆ. ಕತ್ತಿ ದೊಡ್ಡವರ ಕೈಯಲ್ಲಿ, ಬಗೆಯುವ ಕೆಲಸ ಚಿಕ್ಕವರದು. ಹೆದರಿಸುವ ಮುಖದ ಒಳಗೆ ಏನೂ ಇಲ್ಲ ಎಂಬುದು, ಒಳಗಿದ್ದದ್ದನ್ನೆಲ್ಲ ತಾನೇ ತೆಗೆದು ಬೀಜವನ್ನು ಹುರಿದು ತಿಂದ ಮಗುವಿಗೆ ಯಾರೂ ಹೇಳಿಕೊಡಬೇಕಿಲ್ಲ. ಆಮೇಲೆ ಆ ಮುಖವನ್ನು ಬೀದಿಯ ಕಡೆ ತಿರುಗಿಸಿ ಇಡುತ್ತಾರೆ. ಅಮೆರಿಕದ ಬಡಾವಣೆಗಳಲ್ಲಿ ಅಂದು ಸಂಜೆ ಉರಿಯುವ ಕುಂಬಳಕಾಯಿ, ಹೊತ್ತಿದ ಜಗಲಿಯ ದೀಪ ಎಂದರೆ ಈ ಮನೆಯ ಬಾಗಿಲು ತಟ್ಟಬಹುದು ಎಂಬ ಸೂಚನೆ. ಕತ್ತಲಿರುವ ಮನೆಯನ್ನು ಮಕ್ಕಳು ಬಿಟ್ಟು ಮುಂದೆ ಹೋಗುತ್ತಾರೆ. ನಮ್ಮಲ್ಲಿ ಕಟ್ಟುತ್ತಿರುವ ಮನೆಯ ಮುಂದೆ ರಾಕ್ಷಸನ ಮುಖ ಬರೆದು ತೂಗುಹಾಕುವ ಬೂದುಗುಂಬಳವಾಗಲಿ, ಹೊಯ್ಸಳ ಗುಡಿಗಳ ಕೀರ್ತಿಮುಖವಾಗಲಿ ಕೆಡುಕನ್ನು ದೂರ ಇಡಲಿಕ್ಕೆ. ಅಂಥದ್ದೇ ಘೋರಮುಖ ಅಲ್ಲಿ ಈಗ ಗುರುತಿಲ್ಲದವರ ಮಕ್ಕಳನ್ನು ಒಳಗೆ ಕರೆಯುತ್ತದೆ. ಬೇಲಿಯ ಆಚೆ ಇರುವವರ ಹೆಸರೂ ಗೊತ್ತಿಲ್ಲದ ಊರುಗಳಲ್ಲಿ ವರ್ಷಕ್ಕೊಂದು ರಾತ್ರಿ ಅಪರಿಚಿತರ ಬಾಗಿಲು ತೆರೆಯುವುದು ಸಣ್ಣ ಸಂಗತಿಯಲ್ಲ. ಒಂದೆರಡು ವಾರದೊಳಗೆ ಕಾಯಿಗೆ ಬೂಷ್ಟು ಹಿಡಿದು ಮುಖ ಕುಸಿಯುತ್ತದೆ. ಅದನ್ನು ಪೆಟ್ಟಿಗೆಗೆ ಹಾಕಿ ಮುಂದಿನ ವರ್ಷಕ್ಕೆ ಎತ್ತಿಡಲು ಬರುವುದಿಲ್ಲ. ಭಯ, ಆತಿಥ್ಯ, ಅಳಿವು ಈ ಮೂರೂ ಅಲ್ಲಿವೆ. ಇವುಗಳ ಬಗ್ಗೆ ಮೌನವಾಗಿರುವ ಧರ್ಮ ಯಾವುದೂ ಇಲ್ಲ. ಹಾಗಾಗಿ ಇದನ್ನು ಸಣ್ಣದೊಂದು ಸಂಸ್ಕಾರ ಎಂದೇ ಕರೆಯಬೇಕು. ಆದರೆ ಯಾವ ಒಂದು ಮತದ ಮುದ್ರೆಯೂ ಅದರ ಮೇಲಿಲ್ಲ.

ಮಕ್ಕಳನ್ನು ಕೆಡುಕಿಗೆ ಒಗ್ಗಿಸುತ್ತೀರಿ ಎನ್ನುವ ಕ್ರೈಸ್ತ ತಂದೆತಾಯಿಗೆ ಅವರದೇ ಗ್ರಂಥದಲ್ಲಿ ನನ್ನದಕ್ಕಿಂತ ಒಳ್ಳೆಯ ಉತ್ತರವಿದೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಸಂತ ಪೌಲ ಎದುರಿಸಿದ್ದು ಇಂಥದ್ದೇ ಪ್ರಶ್ನೆ: ವಿಗ್ರಹಕ್ಕೆ ಎಡೆಯಿಟ್ಟ ಮಾಂಸ ತಿನ್ನಬಹುದೇ? ಸಂತೆಯಲ್ಲಿ ಮಾರುವುದನ್ನು ಎಲ್ಲಿಂದ ಬಂತೆಂದು ವಿಚಾರಿಸದೆ ಕೊಂಡು ತಿನ್ನಿ, ಆದರೆ ನೀವು ತಿನ್ನುವುದರಿಂದ ಪಕ್ಕದವನ ಮನಸ್ಸಾಕ್ಷಿ ನೋಯುವುದಾದರೆ ಬಿಡಿ ಎಂಬುದು ಅವನ ಸಲಹೆಯ ಸಾರ. ವಿಗ್ರಹದ ಪಂಕ್ತಿಯಲ್ಲಿ ಕೂತು ಪೂಜೆಯಲ್ಲಿ ಪಾಲುಗೊಳ್ಳುವುದನ್ನು ಮಾತ್ರ ಅವನು ಖಡಾಖಂಡಿತ ಬೇಡವೆಂದ. ವಸ್ತುವಿನ ಹಿನ್ನೆಲೆಗೂ ಮಾಡುವ ಕ್ರಿಯೆಗೂ ಅವನು ಎಳೆದ ಗೆರೆ ಸ್ಪಷ್ಟ. ಅಮೆರಿಕದ ಎಷ್ಟೋ ಚರ್ಚುಗಳು ಕುಂಬಳಕಾಯಿಯನ್ನೇ ಉಪದೇಶಕ್ಕೆ ಬಳಸುತ್ತವೆ: ದೇವರು ಹೊಲದಿಂದ ಆರಿಸಿ, ತೊಳೆದು, ಒಳಗಿನ ಕೊಳೆ ತೆಗೆದು, ತನ್ನ ಬೆಳಕಿಡುತ್ತಾನೆ ಎಂದು ಮಕ್ಕಳಿಗೆ ಹೇಳುತ್ತವೆ. ನನ್ನ ಮಟ್ಟಿಗೆ ಇದು ಸ್ವಲ್ಪ ಎಳೆದು ತಂದ ಉಪಮೆ, ಆದರೂ ಅದಕ್ಕೆ ಅಡ್ಡಿಯೇನಿಲ್ಲ. ಪೋಲೆಂಡಿನ 16ನೇ ಶತಮಾನದ ರಬ್ಬಿ ಮೋಸೆಸ್ ಇಸ್ಸರ್ಲೆಸ್ ಇಟ್ಟ ಷರತ್ತು ಇನ್ನೂ ಬಿಗಿ: ಅನ್ಯರ ಪದ್ಧತಿಯಲ್ಲಿ ವಿಗ್ರಹಾರಾಧನೆಯ ಸೋಂಕು ಇರಬಾರದು, ಜತೆಗೆ ಅದಕ್ಕೆ ತನ್ನದೇ ಆದ ಸಕಾರಣ ಇರಬೇಕು. ಆ ನಿಯಮಕ್ಕೆ ಬದ್ಧರಾದವರು ಹಾಲೊವೀನ್‌ನಿಂದ ದೂರ ಉಳಿದರೆ ಅದು ಅಂಜುಬುರುಕತನವಲ್ಲ. ಪೌಲನ ಮಾತಿನ ಇನ್ನರ್ಧವನ್ನು ಮೋಜಿನ ಪಕ್ಷದವರೂ ಕೇಳಿಸಿಕೊಳ್ಳಬೇಕು. ಒಲ್ಲೆನೆಂದ ಮನೆಯ ಮಗುವಿನ ಕೈಗೆ ಶಾಲೆಯಲ್ಲಿ ಒತ್ತಾಯದಿಂದ ಚಾಕು, ಕಾಯಿ ಕೊಡುವುದು ಸರಿಯಲ್ಲ.

ನ್ಯೂಜೆರ್ಸಿಯಲ್ಲೋ ಕ್ಯಾಲಿಫೋರ್ನಿಯಾದಲ್ಲೋ ನೆಲೆಸಿದ ಕನ್ನಡ ಮನೆಗಳಲ್ಲಿ ಪ್ರಶ್ನೆ ಬೇರೆ ರೂಪದಲ್ಲಿ ಏಳುತ್ತದೆ. ಮಹಾಲಯ ಅಮಾವಾಸ್ಯೆ, ನವರಾತ್ರಿಯ ಗೊಂಬೆ, ದೀಪಾವಳಿ ಎಲ್ಲ ಅದೇ ಆಸುಪಾಸಿನಲ್ಲಿ. ಹಿರಿಯರಿಗೆ ಎಡೆ ಇಡಲು ರಜೆ ಸಿಗದವರು ಕುಂಬಳಕಾಯಿ ಕೆತ್ತಲು ಪುರಸೊತ್ತು ಮಾಡಿಕೊಳ್ಳುತ್ತಾರಲ್ಲ ಎಂಬ ಕೊರಗು ಸುಳ್ಳಲ್ಲ. ಆದರೆ ಕೊರಗಿನ ಕಾರಣ ಎಡೆ ತಪ್ಪಿದ್ದು. ಕಾಯಿ ಕೆತ್ತಿದ್ದರಿಂದ ಅದು ತಪ್ಪಿತೆಂದು ಹೇಳಲು ಬರುವುದಿಲ್ಲ. ನಮ್ಮ ಶಾಸ್ತ್ರಗಳು ಕುಲಾಚಾರದ ಜತೆಗೇ ದೇಶಾಚಾರವನ್ನೂ ಗೌರವಿಸಿವೆ. ಆಪಸ್ತಂಬ ಧರ್ಮಸೂತ್ರ ಮುಗಿಯುವ ಹೊತ್ತಿಗೆ, ಉಳಿದ ಧರ್ಮಗಳನ್ನು ಹೆಂಗಸರಿಂದಲೂ ಎಲ್ಲ ವರ್ಣದವರಿಂದಲೂ ತಿಳಿಯಬೇಕೆಂಬ ಮತವನ್ನು ಹೇಳುತ್ತದೆ. ಪೂರ್ವದೇಶದವರು ಆಚರಿಸುವ ಹೋಲಾಕಾ, ಅಂದರೆ ಹೋಳಿ, ಅವರಿಗೆ ಮಾತ್ರ ಸಲ್ಲುವುದೋ ಎಲ್ಲರಿಗೂ ಸಲ್ಲುವುದೋ ಎಂದು ಜೈಮಿನಿಯ ಮೀಮಾಂಸಾಸೂತ್ರಗಳಲ್ಲಿ ಒಂದು ಅಧಿಕರಣವೇ ಇದೆ. ಆಚಾರವನ್ನು ದಿಕ್ಕಿಗೆ ಕಟ್ಟಿಹಾಕಲು ಬರುವುದಿಲ್ಲ ಎಂಬುದು ಅದರ ನಿರ್ಣಯ. ಇದನ್ನು ಹಿಡಿದು ಮೀಮಾಂಸಕರು ಹಾಲೊವೀನ್‌ಗೆ ಒಪ್ಪಿಗೆ ಕೊಡುತ್ತಿದ್ದರು ಎಂದರೆ ಮೋಸವಾದೀತು. ಆಚಾರದ ಹಿಂದೆ ವೇದದ ವಿಧಿಯನ್ನು ಊಹಿಸಬೇಕು ಎಂಬುದು ಅವರ ಪಟ್ಟು, ಕುಂಬಳಕಾಯಿ ಕೆತ್ತನೆಗೆ ಅಂಥ ವಿಧಿ ಎಲ್ಲಿಯದು? ನಾನು ತೆಗೆದುಕೊಳ್ಳುವುದು ಇಷ್ಟೇ: ಬೇರೆಯವರ ಊರಿನ ಆಚಾರ ಎಂಬುದೊಂದೇ ಅದನ್ನು ತಳ್ಳಿಹಾಕಲು ಸಾಲುವ ಕಾರಣ ಎಂದು ಅವರೂ ಎಣಿಸಲಿಲ್ಲ. ಅಲ್ಲದೆ ಈ ಕಾಯಿ ಕೂರುವ ಜಾಗ ಹೊಸ್ತಿಲಿನ ಹೊರಗೆ. ಅದನ್ನು ದೇವರ ಮನೆಯಲ್ಲಿ ಯಾರೂ ಇಡುವುದಿಲ್ಲ, ಮಂಗಳಾರತಿ ಎತ್ತುವುದಿಲ್ಲ. ಒಳಗಿನದು ಕುಲದ್ದು, ಬಾಗಿಲಾಚೆಯದು ಊರಿನದು ಎಂದು ವಲಸೆ ಹೋದ ಮನೆಗಳು ತಾವಾಗಿಯೇ ಕಂಡುಕೊಂಡಿರುವ ಏರ್ಪಾಡಿನಲ್ಲಿ ವಿವೇಕವಿದೆ.

ಉಳಿದಿರುವ ಆಕ್ಷೇಪಗಳಲ್ಲಿ ವ್ಯಾಪಾರದ್ದು ಹಗುರ. ಹಾಲೊವೀನ್ ಅಂಗಡಿಯವರ ಹಬ್ಬವಾಗಿದೆ, ನಿಜ. ಆದರೆ ಅದರ ಪ್ಲಾಸ್ಟಿಕ್ ಅಸ್ಥಿಪಂಜರ, ಒಮ್ಮೆ ಹಾಕಿ ಬಿಸಾಡುವ ವೇಷಗಳ ನಡುವೆ ಕೈಯಾರೆ ಮಾಡಿಯೇ ತೀರಬೇಕಾದದ್ದು ಕುಂಬಳಕಾಯಿಯೊಂದೇ. ಅನ್ನ ಹಾಳುಮಾಡುವ ಆಕ್ಷೇಪ ಮಾತ್ರ ಭಾರವಾದದ್ದು, ಏಕೆಂದರೆ ಅದು ಹುಟ್ಟಿನ ಗೊಡವೆಗೆ ಹೋಗದೆ ನೇರವಾಗಿ ಕ್ರಿಯೆಯನ್ನೇ ಹಿಡಿಯುತ್ತದೆ. ಅನ್ನವನ್ನು ಹೀಗಳೆಯಬಾರದೆಂಬುದು ತೈತ್ತಿರೀಯ ಉಪನಿಷತ್ತಿನ ವ್ರತ. ಕೆತ್ತಲೆಂದೇ ಬೆಳೆಯುವ ಹೌಡನ್‌ನಂಥ ತಳಿಗಳು ನೀರುನೀರಾಗಿ, ನಾರುನಾರಾಗಿ ಅಡುಗೆಗೆ ರುಚಿಯಿಲ್ಲದವು ಎಂದು ಸಮಜಾಯಿಷಿ ಕೊಡಬಹುದು. ಆ ಹೊಲದಲ್ಲಿ ತಿನ್ನುವ ತಳಿಯನ್ನೇ ಬೆಳೆಯಬಹುದಿತ್ತಲ್ಲ ಎಂದರೆ ಮಾತಿಲ್ಲ. ಕಸದ ಗುಂಡಿಗೆ ಹೋದ ಕಾಯಿ ಗಾಳಿಯಿಲ್ಲದೆ ಕೊಳೆತು ಮೀಥೇನ್ ಬಿಡುತ್ತದೆ ಎಂಬುದೂ ಸತ್ಯ. ಈ ತಪ್ಪಿನಲ್ಲಿ ನಾವು ಒಂಟಿಯಲ್ಲ, ಅವರೂ ಒಂಟಿಯಲ್ಲ: ಆಯುಧಪೂಜೆಯ ಮರುದಿನ ಬೆಂಗಳೂರಿನ ರಸ್ತೆಗಳಲ್ಲಿ ಒಡೆದು ಬಿಸಾಡಿದ ಬೂದುಗುಂಬಳದ ಮೇಲೆ ಸ್ಕೂಟರುಗಳು ಜಾರುತ್ತವೆ, ಅಲ್ಲಿ ಹೋಗುವುದು ಅನ್ನವಷ್ಟೇ ಅಲ್ಲ, ಕೈಕಾಲು ಕೂಡ. ಎರಡೂ ಕಡೆ ಪರಿಹಾರ ಕೈಗೆಟುಕುವಂಥದ್ದೇ. ಮನೆಗೊಂದು ಕಾಯಿ ಸಾಕು, ತಿರುಳು ಬೀಜ ಅಡುಗೆಗೆ, ಸಿಪ್ಪೆ ಗೊಬ್ಬರದ ಗುಂಡಿಗೆ. ಇಷ್ಟನ್ನೂ ಮಾಡದವರು ಈ ಆಕ್ಷೇಪಕ್ಕೆ ತಲೆಬಾಗಲೇಬೇಕು.

ಆದ್ದರಿಂದ ಕೆತ್ತಬೇಡಿ ಎನ್ನುವವರು ಡ್ರೂಯಿಡರನ್ನು ಬಿಟ್ಟು, ಆ ಮೇಜಿನ ಸುತ್ತ ಇಂದು ನಡೆಯುವುದರಲ್ಲಿ ಕೇಡು ಯಾವುದೆಂದು ಬೆರಳಿಟ್ಟು ತೋರಿಸಲಿ. ಕೆತ್ತುವವರು ಮೋಜಿನ ನೆಪ ಬಿಟ್ಟು ತಾವು ಹಚ್ಚಿದ ದೀಪಕ್ಕೆ ಹೊಣೆಯಾಗಲಿ. ಕಾಯಿ ಕೊರೆದು, ಒಳಗೆ ಬತ್ತಿ ಹಚ್ಚಿ, ಫೋಟೊ ತೆಗೆದು ಎಲ್ಲರಿಗೂ ಕಳಿಸಿ, ಆಮೇಲೆ ಬಾಗಿಲು ಬಡಿದ ಪಕ್ಕದ ಬೀದಿಯ ಮಕ್ಕಳಿಗೆ ಚಿಲಕ ತೆಗೆಯದೆ ಒಳಗೆ ಟಿವಿ ನೋಡುತ್ತ ಕೂರುವುದಾದರೆ, ಅಂಥ ಮನೆಯಲ್ಲಿ ಆ ಕುಂಬಳಕಾಯಿ ಹುಳಿಯಾಗುವುದೇ ವಾಸಿ.